ನೆಲ್ಲಿನ ಕೋಣೆಯ ಸ್ಪೀಕರು

"ಗೋಡಿ ಹಿಂದ ಏನೈತ್ರಿ ಮೇಡಂ?"

ಹೊಸಪೇಟೆಯ ಅಂಗಡಿಯವರು ಕೇಳಿದ್ದು ಇಷ್ಟೇ. ಗೋಡೆಯೊಳಗೆ ಕೂಡಿಸುವ ಸ್ಪೀಕರು ಮಾರುವವರು ಕೇಳಲೇಬೇಕಾದ ಪ್ರಶ್ನೆ ಅದು, ಅದರಲ್ಲಿ ನಗುವಂಥದ್ದು ಏನೂ ಇರಲಿಲ್ಲ. ಆದರೂ ನಾನು ನಕ್ಕೆ. ನಕ್ಕ ಮೇಲೆ ನಾಲಿಗೆ ಕಚ್ಚಿಕೊಂಡೆ, ಏಕೆಂದರೆ ಪಕ್ಕದ ಕುರ್ಚಿಯಲ್ಲಿ ನಮ್ಮವ್ವ ಕೂತಿದ್ದಳು. ಗೋಡೆಯ ಹಿಂದಿನ ಸಂಗತಿಯನ್ನು ಆಕೆಯ ಮುಂದೆ ಎತ್ತಬಾರದೆಂದು ನಾವು ಮಕ್ಕಳು ಎಷ್ಟೋ ವರ್ಷದಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದೆವು.

ಮೊದಲು ಅಂಗಡಿಗೆ ಯಾಕೆ ಹೋದೆವು ಎಂಬುದನ್ನು ಹೇಳಿಬಿಡುತ್ತೇನೆ. ನಮ್ಮ ಯಜಮಾನರು ಸಂಡೂರಿನವರು, ದೋಣಿಮಲೈ ಗಣಿಯಲ್ಲಿ ಕೆಲಸ. ಹದಿನೈದು ವರ್ಷ ಕಂಪನಿ ಕ್ವಾರ್ಟರ್ಸಿನಲ್ಲಿ ಬಾಳಿದವರು. ಅದು ಪರರ ಗೋಡೆ, ಒಂದು ಕ್ಯಾಲೆಂಡರಿಗೆ ಮೊಳೆ ಹೊಡೆಯಬೇಕಾದರೂ ಹತ್ತು ಸಲ ಯೋಚನೆ ಮಾಡುವ ಜೀವ ಅವರದು. ಹೊಸಪೇಟೆಯಲ್ಲಿ ಸ್ವಂತ ಗೋಡೆ ಎದ್ದದ್ದೇ ತಡ, ಅದರೊಳಗೆ ಏನೇನು ಹುಗಿಯಬಹುದು ಎಂಬುದೇ ಅವರಿಗೆ ಹಗಲುಗನಸಾಯಿತು. ಗೋಡೆಯೊಳಗೆ ಕಪಾಟು, ಗೋಡೆಯೊಳಗೆ ಲೈಟು, ಗೋಡೆಯೊಳಗೆ ಮೀನಿನ ತೊಟ್ಟಿ. ಮೀನನ್ನು ನಾನು ತಡೆದೆ. ಸ್ಪೀಕರನ್ನು ಮಾತ್ರ ತಡೆಯಲಿಲ್ಲ. "ನಿನ್ನ ತವರುಮನ್ಯಾಗೂ ಗೋಡ್ಯಾಗ ಅದಾವಲ್ಲ" ಅಂದುಬಿಟ್ಟರು. ತವರಿನ ಮಾತು ಬಂದರೆ ಹೆಂಗಸು ಯಾವ ವಾದದಲ್ಲೂ ಗೆಲ್ಲುವುದಿಲ್ಲ.

ಅವ್ವ ಜೊತೆಗೆ ಬಂದದ್ದು ಸ್ಪೀಕರು ನೋಡಲಿಕ್ಕಲ್ಲ. ಅಂಗಡಿಯ ಕೆಲಸ ಮುಗಿಸಿ ನಾನೂ ಆಕೆಯೂ ಕಂಪ್ಲಿಯ ಬಸ್ಸು ಹತ್ತುವವರಿದ್ದೆವು. ಕಂಪ್ಲಿಯಲ್ಲಿ ನಮ್ಮ ಮನೆ, ಈಗ ಅಲ್ಲಿ ನನ್ನ ತಮ್ಮ ಬಸವರಾಜನ ಸಂಸಾರ. ಅವ್ವನ ತೊಡೆಯ ಮೇಲೆ ಬುತ್ತಿಯ ಗಂಟು ಇತ್ತು. ಮಗನ ಮನೆಗೆ ಹೋಗುವಾಗಲೂ ಬುತ್ತಿಯೇ ಎಂದು ನೀವು ಕೇಳಬಹುದು. ಕೇಳಿ ಕೇಳಿ ನಾವೇ ಸುಸ್ತಾಗಿದ್ದೇವೆ. ಅಪ್ಪ ತೀರಿಕೊಂಡ ಮೇಲೆ ಆಕೆಗೆ ಕಂಪ್ಲಿಯ ಮನೆಯ ಊಟ ಒಗ್ಗುವುದಿಲ್ಲ, ಪಿತ್ತ ಆಗುತ್ತದಂತೆ. ನಮ್ಮಲ್ಲಿಯೇ ಇದ್ದುಬಿಟ್ಟಳು. ತಿಂಗಳಿಗೊಮ್ಮೆ ಕಂಪ್ಲಿಗೆ ಹೋಗುತ್ತಾಳೆ, ಮೊಮ್ಮಕ್ಕಳನ್ನು ಮುದ್ದಾಡುತ್ತಾಳೆ, ಊಟದ ಹೊತ್ತಿಗೆ ಗಂಟು ಎತ್ತಿಕೊಂಡು ಬಂದು ಮನೆಯ ಎದುರಿನ ಬೇವಿನ ಕಟ್ಟೆಯ ಮೇಲೆ ಕೂತು ರೊಟ್ಟಿ ತಿನ್ನುತ್ತಾಳೆ. ಒಳಗೆ ಒಂದು ಲೋಟ ಮಜ್ಜಿಗೆ ಕೂಡ ಮುಟ್ಟುವುದಿಲ್ಲ. ತಮ್ಮನ ಹೆಂಡತಿ ಒಮ್ಮೆ ಅತ್ತೇಬಿಟ್ಟಳು: "ನಾನೇನು ವಿಷ ಹಾಕ್ತೀನೇನ್ರಿ ಅತ್ತಿ?" ಅವ್ವ ಆಕೆಯ ಕಣ್ಣು ಒರೆಸಿ, "ನಿನ್ನ ಕೈ ಅಡಗಿ ಬಂಗಾರದಂಥದ್ದವ್ವಾ, ನನ್ನ ಹೊಟ್ಟೀನ ಸರಿ ಇಲ್ಲ" ಅಂದಳು. ಅಷ್ಟು ಹೇಳಿ ಕಟ್ಟೆಗೆ ಹೋದಳು.

ಇನ್ನು ಗೋಡೆಗೆ ಬರೋಣ.

ಕಾಲುವೆಯ ನೀರು ವರ್ಷಕ್ಕೆ ಎರಡು ಬೆಳೆ ಕೊಡತೊಡಗಿದ ಮೇಲೆ ಕಂಪ್ಲಿಯ ಕಡೆ ಮನೆ ಕಟ್ಟುವುದೊಂದು ಜ್ವರದ ಹಾಗೆ ಹರಡಿತು. ಮಣ್ಣಿನ ಮಾಳಿಗೆಗಳು ಹೋಗಿ ಮೊಸಾಯಿಕ್ ನೆಲ ಬಂತು, ಕಿಟಕಿಗೆ ನವಿಲಿನ ಗ್ರಿಲ್ಲು ಬಂತು. ಯಾರ ಮನೆಯ ಗ್ರಿಲ್ಲಿನಲ್ಲಿ ಎಷ್ಟು ನವಿಲು ಎಂಬುದು ಒಂದು ಕಾಲಕ್ಕೆ ದೊಡ್ಡಸ್ತಿಕೆಯ ಅಳತೆಯಾಗಿತ್ತು. ಆಮೇಲೆ ಟೇಪ್ ರೆಕಾರ್ಡರ್ ಬಂತು, ಅದರ ಹಿಂದೆ ಸ್ಪೀಕರು ಬಂತು. ಅಪ್ಪನ ಗೆಳೆಯರೊಬ್ಬರು ಅಕ್ಕಿ ಗಿರಣಿ ಇಟ್ಟವರು. ಅವರ ಹಾಲಿನಲ್ಲಿ ಆಳೆತ್ತರದ ಎರಡು ಸ್ಪೀಕರ್ ಪೆಟ್ಟಿಗೆ ನಿಂತಿದ್ದವು. ಬಂದವರು ಅದರ ಮೇಲೆ ಚಹಾದ ಲೋಟ ಇಡುತ್ತಿದ್ದರು, ಟವೆಲ್ಲು ಹಾಕುತ್ತಿದ್ದರು. ಒಂದು ದಿನ ಒಂದು ಪೆಟ್ಟಿಗೆ ತಾನೇ ಮಿಯಾಂವ್ ಅಂದಿತು. ಹಿಂದಿನ ಹಲಗೆ ಬಿಚ್ಚಿ ನೋಡಿದರೆ ಬೆಕ್ಕು ಮರಿ ಹಾಕಿತ್ತು. ಅವತ್ತೇ ಅಪ್ಪ ತೀರ್ಮಾನಿಸಿದ: "ನಮ್ಮನ್ಯಾಗ ಡಬ್ಬಿ ಬ್ಯಾಡ. ಕಣ್ಣಿಗೆ ಕಾಣಬಾರದು, ಕಿವಿಗೆ ಕೇಳಬೇಕು."

ಅದಕ್ಕೆ ದಾರಿ ತೋರಿಸಿದವನು ರುದ್ರಮುನಿ. ರೇಡಿಯೋ ಮೆಕ್ಯಾನಿಕ್ಕು, ಕಂಪ್ಲಿಯಲ್ಲಿ ಒಂದು ಗೂಡಂಗಡಿ ಇಟ್ಟುಕೊಂಡಿದ್ದ. ಗೋಡೆಗೆ ತೂತು ಕೊರೆದು ಸ್ಪೀಕರು ಕೂಡಿಸಿ ಮೇಲೆ ಬಟ್ಟೆ ಕಟ್ಟಿದರೆ ಗೋಡೆಯೇ ಹಾಡುತ್ತದೆ ಅಂದ. ಅಪ್ಪ ಒಂದು ಗಳಿಗೆಯೂ ಅನುಮಾನಿಸಲಿಲ್ಲ. "ಹಂಪ್ಯಾಗ ಕಲ್ಲಿನ ಕಂಬ ಬಡದ್ರ ಸಂಗೀತ ಬರ್ತದಂತ, ನಮ್ಮ ಗ್ವಾಡಿಗೇನು ಧಾಡಿ?" ಅಂದ. ಹೀಗೆ ನಾವು ಮೂವರು, ಅಪ್ಪ, ರುದ್ರಮುನಿ ಮತ್ತು ನಾನು, ಸ್ಪೀಕರು ಆರಿಸಲು ಹೊಸಪೇಟೆಗೆ ಹೊರಟೆವು. ನಾನು ಯಾಕೆ ಅಂದರೆ, ಆ ವರ್ಷ ಪಿಯುಸಿಯಲ್ಲಿ ನಪಾಸಾಗಿ ಮನೆಯಲ್ಲಿದ್ದೆ. ಓದಿನಲ್ಲಿ ಕಳೆದುಕೊಂಡ ಮರ್ಯಾದೆಯನ್ನು ಸಂಗೀತಜ್ಞಾನದಲ್ಲಿ ಗಳಿಸುವ ಹಂಚಿಕೆ ಹಾಕಿದ್ದೆ. ನನ್ನಷ್ಟು ಸೂಕ್ಷ್ಮ ಕಿವಿ ಇಡೀ ತಾಲೂಕಿನಲ್ಲಿ ಇಲ್ಲವೆಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ.

ಅಪ್ಪ ಸ್ಪೀಕರು ಆರಿಸಿದ ಬಗೆಯನ್ನು ನೀವು ನೋಡಬೇಕಿತ್ತು. ಒಂದೊಂದು ಕೈಯಲ್ಲಿ ಒಂದೊಂದು ಹಿಡಿದು ತೆಂಗಿನಕಾಯಿಯ ಹಾಗೆ ತೂಗಿ ನೋಡಿದ. ಹಿಂದಿನ ಅಯಸ್ಕಾಂತದ ಮೇಲೆ ಗೆಣ್ಣಿನಿಂದ ಟಕ್ ಟಕ್ ಬಾರಿಸಿ ಕಿವಿಗೊಟ್ಟ. ಕುಂಬಾರರ ಓಣಿಯಲ್ಲಿ ಗಡಿಗೆ ಕೊಳ್ಳುವ ರೀತಿಯೇ ಅದು. ಅಂಗಡಿಯವನು ವಾಟ್ಸು, ಇಂಚು, ಜಪಾನು ಅಂತ ಏನೇನೋ ಹೇಳಿದ. ಅಪ್ಪ ಎಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದ: "ಅಡಗಿಮನಿಗೆ ಕೇಳ್ತದೇನ್ರಿ?" ಅಂಗಡಿಯವನು ತಬ್ಬಿಬ್ಬಾದ. ಅಪ್ಪ ಬಿಡಿಸಿ ಹೇಳಿದ: "ನಾವು ಹಾಲ್‌ನಾಗ ಕುಂತು ಕೇಳೋರು. ನಮ್ಮನ್ಯಾಗಿನಾಕಿ ದಿನಾ ಅಡಗಿಮನ್ಯಾಗ ಇರ್ತಾಳ. ಆಕಿಗೂ ಮುಟ್ಟಬೇಕಲ್ಲ?" ಎಂಟು ಇಂಚಿನದು ಬೇಡವಾಗಿ ಹತ್ತು ಇಂಚಿನ ಜೋಡಿ ಮನೆಗೆ ಬಂದದ್ದು ಆ ಒಂದೇ ಕಾರಣಕ್ಕೆ. ಸುದ್ದಿ ಕೇಳಿ ಅವ್ವ, "ಅಡಗಿಮನಿಗೆ ಹಾಡು ಬಂದ್ರ ಸಾರಿಗೆ ಉಪ್ಪು ಯಾರು ಹಾಕ್ತಾರ?" ಅಂದಳು. ಅಂದರೂ ತೂತಿನ ಮೇಲೆ ಕಟ್ಟಲು ತನ್ನ ಇಳಕಲ್ ಸೀರೆಯ ತುಂಡನ್ನೇ ಕತ್ತರಿಸಿ ಕೊಟ್ಟಳು.

ಯಾವ ಗೋಡೆ ಎಂಬುದೇ ಉಳಿದ ಪ್ರಶ್ನೆ. ಹಾಲಿನ ಒಂದು ಗೋಡೆಗೆ ಬಾಗಿಲು, ಇನ್ನೊಂದಕ್ಕೆ ನವಿಲಿನ ಕಿಟಕಿ, ಮೂರನೆಯದರ ಹಿಂದೆ ದೇವರ ಕೋಣೆ. ದೇವರ ಬೆನ್ನಿಗೆ ಹಾಡು ಊದುವುದು ಸರಿಯಲ್ಲ. ಉಳಿದದ್ದು ನೆಲ್ಲಿನ ಕೋಣೆಯ ಗೋಡೆ. ಭತ್ತಕ್ಕೆ ನಮ್ಮ ಕಡೆ ನೆಲ್ಲು ಅಂತಲೇ ಅನ್ನುವುದು. ಕೊಯ್ಲಾದ ಮೇಲೆ ಚೀಲಗಳನ್ನು ಮಾಡಿನವರೆಗೆ ಅಟ್ಟಿ ಹಾಕುವ ಕೋಣೆ ಅದು. ಸ್ಪೀಕರಿನ ಹಿಂದೆ ಗಾಳಿ ಆಡಬೇಕು ಅಂದ ರುದ್ರಮುನಿ. "ನೆಲ್ಲಿಗೂ ಗಾಳಿ ಬೇಕು, ಎರಡೂ ಆಡಲಿ ಬಿಡು" ಅಂದ ಅಪ್ಪ. ಇಲಿ ಬರದಂತೆ ಹಿಂದೆ ಒಂದು ಜಾಲರಿ ಬಡಿದು, ಎರಡು ತೂತು ಕೊರೆದು, ಸ್ಪೀಕರು ಕೂಡಿಸಿದರು. ನೆಲ್ಲು ಬೆಳೆಯುವವರ ಮನೆಯಲ್ಲಿ ಮಾತ್ರ ಆಗಬಹುದಾದ ತಪ್ಪು ಅಲ್ಲಿ ಆಗಿಹೋಯಿತು.

ಕೊಯ್ಲಿನ ಕಾಲದಲ್ಲಿ, ಕೋಣೆ ತುಂಬಿದ್ದಾಗ, ಆ ಸ್ಪೀಕರಿನ ದನಿ ಕೇಳಬೇಕಿತ್ತು. ಗಂಭೀರ, ಮೆದು, ಒಂದು ಮಾತು ಹೆಚ್ಚಿಲ್ಲ ಕಮ್ಮಿಯಿಲ್ಲ. ಊರವರು ಬಂದು ಕೂತು ವಚನ ಕೇಳಿ "ಮಸ್ತ್ ಐತಿ ಬಿಡ್ರಿ" ಅಂತ ತಲೆದೂಗಿ ಹೋಗುತ್ತಿದ್ದರು. ಮೂರು ನಾಲ್ಕು ತಿಂಗಳಾಗಿ ನೆಲ್ಲು ಮಾರಾಟಕ್ಕೆ ಹೋಗತೊಡಗಿದಂತೆ ದನಿ ಬೊಂಗ್ ಬೊಂಗ್ ಎನ್ನತೊಡಗಿತು. ಹಾಡುವವರು ಹಂಡೆಯೊಳಗೆ ತಲೆ ಹಾಕಿ ಹಾಡಿದ ಹಾಗೆ. ರುದ್ರಮುನಿ ಬಂದು ತಂತಿ ಬದಲಿಸಿದ, ಧೂಳು ಒರೆಸಿದ, ಟೇಪಿನ ತಲೆಗೆ ಸ್ಪಿರಿಟ್ ಹಚ್ಚಿದ. ಏನೂ ಆಗಲಿಲ್ಲ. ಹೊಸ ಬೆಳೆ ಬಂದು ಕೋಣೆ ತುಂಬಿತು, ದನಿ ತಾನಾಗಿ ಸರಿಹೋಯಿತು. ರುದ್ರಮುನಿ ತನ್ನ ಕೈಗುಣ ಅಂತ ಊರೆಲ್ಲ ಹೇಳಿಕೊಂಡ.

ನಿಜ ಕಂಡುಹಿಡಿದವನು ನೆಲ್ಲಿನ ದಲಾಲಿ. ಯಾರ ಮನೆಯಲ್ಲಿ ಎಷ್ಟು ದಾಸ್ತಾನು ಉಳಿದಿದೆ ಎಂದು ಮೂಸಿ ನೋಡುವುದೇ ಅವನ ಕಸುಬು. ಒಂದು ಸಂಜೆ ಹಾಲಿನಲ್ಲಿ ಕೂತು ಚಹಾ ಕುಡಿಯುತ್ತ ಹಾಡು ಕೇಳಿದವನು ಮೆಲ್ಲಗೆ, "ಗೌಡ್ರ, ಇನ್ನ ಅರ್ಧ ಕ್ವಾಣಿ ಐತಲ್ಲ?" ಅಂದ. ಅಪ್ಪ ಬೆಪ್ಪಾದ. ಸರಿಯಾಗಿ ಅರ್ಧವೇ ಇತ್ತು. ಗೋಡೆಗೂ ಕಿವಿ ಇರುತ್ತದೆ ಅನ್ನುತ್ತಾರೆ; ನಮ್ಮ ಗೋಡೆಗೆ ಬಾಯಿಯೂ ಇತ್ತು. ಅವತ್ತಿನಿಂದ ದಲಾಲಿ ಓಣಿಯ ತುದಿಯಲ್ಲಿ ಕಾಣಿಸಿದರೆ ಸಾಕು, "ಏ ಪಂಪಿ, ಜಲ್ದಿ ಬಂದ್ ಮಾಡಲೇ!" ಅಂತ ಅಪ್ಪ ಕೂಗುತ್ತಿದ್ದ. ಪಂಪಿ ಅಂದರೆ ನಾನು, ಪಂಪಾವತಿ. ಟೇಪ್ ರೆಕಾರ್ಡರಿನ ಅಧಿಕಾರ ನನ್ನ ಕೈಯಲ್ಲಿತ್ತು.

ಇಲ್ಲಿ ನಮ್ಮ ಅತ್ತೆಯ ವಿಷಯ ಹೇಳಲೇಬೇಕು. ಗಂಗಮ್ಮತ್ತೆ ಅಪ್ಪನ ಅಕ್ಕ, ಎಮ್ಮಿಗನೂರಿನಲ್ಲಿ ಒಬ್ಬಳೇ ಇದ್ದಳು. ಅಜ್ಜಿ ಬೇಗ ಹೋದದ್ದರಿಂದ ಅಪ್ಪನನ್ನು ಎತ್ತಿ ಆಡಿಸಿ ದೊಡ್ಡವನನ್ನು ಮಾಡಿದವಳು ಆಕೆಯೇ. ಆಕೆಯ ಹೊಲ ಕಾಲುವೆಯ ತುದಿಗಿತ್ತು. ತುದಿಯ ಹೊಲ ಅಂದರೆ ನಮ್ಮ ಕಡೆಯವರಿಗೆ ಬೇರೆ ವಿವರಣೆ ಬೇಕಿಲ್ಲ. ಮೇಲಿನವರೆಲ್ಲ ಕುಡಿದು ಮಿಕ್ಕರೆ ಅಲ್ಲಿಗೆ ನೀರು. ಅಪ್ಪನ ಹೊಲ ತೂಬಿನ ಪಕ್ಕದಲ್ಲೇ. ಹೀಗಾಗಿ ವರ್ಷ ವರ್ಷ ಅಪ್ಪನ ಮನೆಯಿಂದ ಅತ್ತೆಯ ಮನೆಗೆ ಉಣ್ಣುವಷ್ಟು ನೆಲ್ಲು ಹೋಗುತ್ತಿತ್ತು.

ಅದು ನಿಂತದ್ದು ಹೊಸ ಮನೆಯ ಪ್ರವೇಶದ ದಿನ. ಪಂಕ್ತಿಯಲ್ಲಿ ಅವ್ವ ಬಡಿಸುತ್ತಿದ್ದಳು. ಮನೆ ನೋಡಿ ಹೊಗಳುತ್ತಿದ್ದವರ ನಡುವೆ ಗಂಗಮ್ಮತ್ತೆ ದೊಡ್ಡ ದನಿಯಲ್ಲಿ, "ಎಲ್ಲಾ ನಮ್ಮ ತಮ್ಮನ ಬೆವರು. ಈಕಿ ಏನು ತಂದಾಳ? ಬಂದ ದಿನ ಒಂದು ತಗಡಿನ ಟ್ರಂಕು ತಂದಿದ್ಲು" ಅಂದಳು. ಬೇಕಂತಲೇ ಅಂದಳೋ ಬಾಯಿ ತಪ್ಪಿ ಬಂತೋ ಗೊತ್ತಿಲ್ಲ. ನೂರು ಜನ ಕೇಳಿಸಿಕೊಂಡರು. ಅವ್ವ ಸೌಟು ಕೆಳಗಿಟ್ಟಳು.

"ಈ ಮನಿ ನೆಲ್ಲು ಒಂದು ಕಾಳು ಆಕಿ ಮನಿಗೆ ಹೋಗಿದ್ದು ನನಗ ಗೊತ್ತಾತಂದ್ರ, ಅವತ್ತಿನಿಂದ ಈ ಹೊಸ್ತಿಲು ಒಳಗ ನಾ ಒಂದು ತುತ್ತು ಉಣ್ಣಂಗಿಲ್ಲ. ಹಂಪಿ ವಿರುಪಾಕ್ಷನ ಆಣಿ."

ಸಿಟ್ಟಿನಲ್ಲಿ ಅಂದದ್ದು, ಮರೆತುಹೋಗುತ್ತದೆ ಅನ್ನಲು ಆಕೆ ನಮ್ಮಂಥವಳಲ್ಲ. ಒಮ್ಮೆ ಹಾಲಿನವಳ ಜೊತೆ ಜಗಳವಾಡಿ "ಇನ್ನ ಚಾ ಕುಡದ್ರ ಕೇಳು" ಅಂದಳು. ಹನ್ನೊಂದು ವರ್ಷ ಚಹಾ ಮುಟ್ಟಲಿಲ್ಲ. ಆ ಹಾಲಿನವಳು ಮುದುಕಿಯಾಗಿ ಬಂದು ಕಾಲು ಹಿಡಿದು ಕುಡಿಸಿದಳು, ಆಗ ಕುಡಿದಳು. ಇಂಥವಳ ಆಣೆ ಅದು. ಅಪ್ಪ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾದ. ಅತ್ತ ಕಳಿಸಿದರೆ ಹೆಂಡತಿ ಮನೆಯಲ್ಲಿ ಉಣ್ಣುವುದಿಲ್ಲ, ಕಳಿಸದಿದ್ದರೆ ಸಾಕಿದ ಅಕ್ಕ ಅಕ್ಕಿಗಾಗಿ ಪರರ ಮನೆಯ ಬಾಗಿಲಿಗೆ ಹೋಗಬೇಕು.

ಅಪ್ಪ ಕಳಿಸಿದ. ಇದು ನಮಗೆ ಗೊತ್ತಾದದ್ದು ಅವನು ತೀರಿಕೊಂಡ ಮೇಲೆ, ಗಾಡಿ ಹೊಡೆಯುತ್ತಿದ್ದವನ ಬಾಯಿಂದ. ಸೋಮವಾರ ಮಧ್ಯಾಹ್ನ ಅವ್ವ ಮಠಕ್ಕೆ ಹೋಗುತ್ತಿದ್ದಳು, ನಾನು ಹೊಲಿಗೆ ಕ್ಲಾಸಿಗೆ. ವರ್ಷದ ನೆಲ್ಲು ಒಮ್ಮೆಲೇ ಹೊರಟರೆ ಕಣ್ಣಿಗೆ ಬೀಳುತ್ತದೆಂದು, ಆ ಹೊತ್ತಿನಲ್ಲಿ ಒಂದೋ ಎರಡೋ ಚೀಲದಂತೆ ಗಾಡಿ ಏರುತ್ತಿದ್ದವು. ಮೇಲೆ ಹುಲ್ಲು ಮುಚ್ಚಿ ಎಮ್ಮಿಗನೂರಿಗೆ.

ಆದರೆ ಆ ವರ್ಷ ನನಗೆ ಇದೇನೂ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ಸೌಂಡು ಒಂದೇ. ಸೋಮವಾರ ಸಂಜೆ ಕ್ಲಾಸಿನಿಂದ ಬಂದು ಕ್ಯಾಸೆಟ್ಟು ಹಾಕಿದರೆ ದನಿ ತುಸು ಬೊಂಗ್ ಅನ್ನುತ್ತಿತ್ತು. ಒಂದು ಸೋಮವಾರ ಆಯಿತು, ಎರಡಾಯಿತು, ಮೂರಾಯಿತು. ದಲಾಲಿಯ ವಿದ್ಯೆ ನಾನೂ ಕಲಿತಿದ್ದೆನಲ್ಲ! ಲೆಕ್ಕ ಹಾಕಿ, ಪತ್ತೇದಾರಿಕೆಯ ಹುಮ್ಮಸ್ಸಿನಲ್ಲಿ, ಮಂಗಳವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಸಾರಿದೆ:

"ಅಪ್ಪಾ, ನೆಲ್ಲಿನ ಕ್ವಾಣಿಗೆ ಯಾರೋ ಕಳ್ಳ ಬೀಳಾಕ ಹತ್ಯಾನ. ಸೋಮವಾರಕ್ಕೊಮ್ಮೆ ಸೌಂಡ್ ಬದ್ಲಾಗತೈತಿ. ಚೀಲ ಹೊಂಟಾವು, ಎಲ್ಲಿಗೆ ಅಂದ್ರ..."

ಎಲ್ಲಿಗೆ ಅಂತ ನನಗೂ ಗೊತ್ತಿರಲಿಲ್ಲ, ಊಹಿಸಿ ಏನೋ ಹೇಳುವವಳಿದ್ದೆ. ಇದ್ದದ್ದು ಇದ್ದಂಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಅಪ್ಪನ ಕೈಯ ತುತ್ತು ಬಾಯಿಯ ಹತ್ತಿರವೇ ನಿಂತಿತು. ಅವ್ವ ಅಪ್ಪನ ಕಡೆ ತಿರುಗಿಯೂ ನೋಡಲಿಲ್ಲ. ನೇರವಾಗಿ ನನ್ನ ರಟ್ಟೆ ಹಿಡಿದಳು.

"ಸುಮ್ಕಿರಲೇ! ನಿನ್ನ ಕಿವ್ಯಾಗ ಗುಗ್ಗಿ ತುಂಬೈತಿ. ಸೌಂಡ್ ಅಂತ, ಕಳ್ಳ ಅಂತ! ಏಳು ಮ್ಯಾಲೆ."

ಊಟದ ನಡುವೆಯೇ ಎಬ್ಬಿಸಿ ಹಿತ್ತಲಿಗೆ ಎಳೆದುಕೊಂಡು ಹೋಗಿ, ಬೆಳ್ಳುಳ್ಳಿ ಕಾಯಿಸಿದ ಎಣ್ಣೆಯನ್ನು ಎರಡೂ ಕಿವಿಗೆ ಸುರಿದಳು. ನಾನು ತಲೆ ವಾಲಿಸಿಕೊಂಡು ಸಂಜೆಯವರೆಗೂ ಮಲಗಿದೆ. ಮರುದಿನ ಎದ್ದು ಕ್ಯಾಸೆಟ್ಟು ಹಾಕಿದರೆ ದನಿ ಮೆದುವಾಗಿ, ಗಂಭೀರವಾಗಿ, ಕೊಯ್ಲಿನ ದಿನದ ಹಾಗೆ ಕೇಳಿತು. ಮುಂದಿನ ಸೋಮವಾರವೂ ಹಾಗೆಯೇ, ಅದರ ಮುಂದಿನದೂ. ಅಂದರೆ ಕೆಟ್ಟದ್ದು ಸ್ಪೀಕರಲ್ಲ, ನನ್ನ ಕಿವಿ! ತಾಲೂಕಿನಲ್ಲೇ ಸೂಕ್ಷ್ಮವಾದ ಕಿವಿಯ ಕಥೆ ಅಲ್ಲಿಗೆ ಮುಗಿಯಿತು. ಆಮೇಲೆ ಮನೆಯಲ್ಲಿ ನಾನು ಯಾವ ಹಾಡಿಗೆ ಏನು ಅಂದರೂ, "ಎಣ್ಣಿ ಹಾಕಿಸ್ಕೊ ಹೋಗು" ಅಂತ ತಮ್ಮನೂ ಅನ್ನತೊಡಗಿದ. ಮದುವೆಯಾದ ವಾರದಲ್ಲೇ ಯಜಮಾನರಿಗೂ ಅದು ತಿಳಿದುಹೋಯಿತು. ನಿಜ ಹೇಳುತ್ತೇನೆ, ಇಪ್ಪತ್ತು ವರ್ಷ ಆ ಮಾತು ನನ್ನನ್ನು ಚುಚ್ಚಿದೆ.

ಈಗ ಮತ್ತೆ ಅಂಗಡಿಗೆ. ಅಂಗಡಿಯವರು ಎರಡು ಜೋಡಿ ಸ್ಪೀಕರುಗಳನ್ನು ಎರಡು ಹಲಗೆಗಳಿಗೆ ಕೂಡಿಸಿಟ್ಟಿದ್ದರು. ಒಂದಾದ ಮೇಲೊಂದು ಅದೇ ಹಾಡು ಹಾಕಿ, ಯಾವುದು ಚೆನ್ನಾಗಿದೆ ಹೇಳಿರಿ ಅಂದರು. ಮೊದಲಿನದು ಬೆಲೆಯಲ್ಲಿ ದೊಡ್ಡದು. ನನಗೆ ಅದು ಸುತರಾಂ ಹಿಡಿಸಲಿಲ್ಲ.

"ಇದು ಬೊಂಗ್ ಅಂತೈತ್ರಿ," ಅಂದೆ. "ಹಿಂದ ಏನೂ ಇಲ್ಲದಂಗ ಕೇಳ್ತದ."

ಯಜಮಾನರು ನಕ್ಕರು. "ಈಕಿ ಕಿವಿ ನಂಬಬ್ಯಾಡ್ರಿ ಸಾಹೇಬ್ರ. ಎಣ್ಣಿ ಹಾಕಿದ ಕಿವಿ ಅವು."

ಅಂಗಡಿಯವರು ನಗಲಿಲ್ಲ. ಮೊದಲ ಹಲಗೆಯನ್ನು ತಿರುಗಿಸಿ ತೋರಿಸಿದರು. ಅದರ ಬೆನ್ನು ಬಯಲು. ಎರಡನೆಯದರ ಬೆನ್ನಿಗೆ ಪೆಟ್ಟಿಗೆ ಕಟ್ಟಿ ಒಳಗೆ ಉಣ್ಣೆಯಂಥದ್ದನ್ನು ತುರುಕಿದ್ದರು. "ಮೇಡಂ ಹೇಳಿದ್ದು ಕರೆಕ್ಟ್ ಐತ್ರಿ. ಅದಕ್ಕ ನಾ ಕೇಳಿದ್ದು, ಗೋಡಿ ಹಿಂದ ಏನೈತಿ ಅಂತ" ಅಂದರು.

ಆಗ ಅವ್ವ ಬಾಯಿ ಬಿಟ್ಟಳು. ಅಂಗಡಿಗೆ ಬಂದಾಗಿನಿಂದ ಆಕೆ ಆಡಿದ ಮೊದಲ ಮಾತು ಅದು. ಆಡಿದ್ದು ಅಳಿಯನಿಗೆ.

"ಆಕಿ ಕಿವಿ ಸರಿ ಅದಾವ್ರಿ. ಅವತ್ತೂ ಸರಿ ಇದ್ವು."

ಯಜಮಾನರ ನಗು ಅಲ್ಲೇ ನಿಂತಿತು. ನಾನು ಅವ್ವನ ಮುಖ ನೋಡಿದೆ. ಆಕೆ ಬುತ್ತಿಯ ಗಂಟು ಸರಿಮಾಡಿಕೊಳ್ಳುತ್ತ, "ಜಲ್ದಿ ಮುಗಿಸ್ರಿ, ಬಸ್ ಹೋಗ್ತದ" ಅಂದಳು. ಯಾವುದು ಬೇಕು ಅಂತ ಯಜಮಾನರು ನನ್ನನ್ನೇ ಕೇಳಿದರು. ಎರಡನೆಯದು ಅಂದೆ. ಚೌಕಾಸಿಯನ್ನು ಅವರಿಗೆ ಬಿಟ್ಟು ನಾವಿಬ್ಬರೂ ಬಸ್ ನಿಲ್ದಾಣಕ್ಕೆ ನಡೆದೆವು.

ಕಂಪ್ಲಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಬಸ್ಸು ಊರು ದಾಟಿ ಕಾಲುವೆಯ ಪಕ್ಕಕ್ಕೆ ಬರುವವರೆಗೂ ಸುಮ್ಮನಿದ್ದೆ. ಅದಕ್ಕಿಂತ ಹೆಚ್ಚು ಹೊತ್ತು ಸುಮ್ಮನಿರುವುದು ನನ್ನಿಂದ ಆಗದ ಕೆಲಸ.

"ಅವ್ವಾ, ನಿನಗ ಗೊತ್ತಿತ್ತೇನು? ಅಪ್ಪ ಅತ್ತಿಗೆ ನೆಲ್ಲು ಕಳಸ್ತಿದ್ದದ್ದು?"

"ನಿನಗೊಬ್ಬಾಕಿಗೇ ಕಿವಿ ಅಂದ್ಕೊಂಡೀ? ಅಡಗಿಮನಿಗೂ ಕೇಳಬೇಕು ಅಂತ ನಿಮ್ಮಪ್ಪ ದೊಡ್ಡದು ತಂದಿದ್ದನಲ್ಲ. ಕೇಳ್ತಿತ್ತು."

ಹೊಲಗಳನ್ನು ನೋಡುತ್ತಲೇ ಉಳಿದದ್ದನ್ನೂ ಹೇಳಿದಳು. ನನ್ನ ಕಿವಿಗೆ ಎಣ್ಣೆ ಸುರಿದು ಮಲಗಿಸಿದ ಆ ಮಧ್ಯಾಹ್ನ, ಅಪ್ಪ ಹೊಲಕ್ಕೆ ಹೋದ ಮೇಲೆ, ನೆಲ್ಲಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳಂತೆ. ಹಮಾಲರ ಕೊಕ್ಕೆ ಹಾಕಿ ಒಂದೊಂದೇ ಚೀಲ ಎಳೆದು ಸ್ಪೀಕರಿನ ಹಿಂದಿನ ಗೋಡೆಗೆ ಒತ್ತಿದಳಂತೆ. ಕೋಣೆಯ ಆಚೆ ಮಗ್ಗುಲು ಬರಿದಾಯಿತು, ಗೋಡೆಯ ಮಗ್ಗುಲು ತುಂಬಿಯೇ ಇತ್ತು. ಆಮೇಲೆ ಪ್ರತಿ ವಾರ ಹೋದ ಚೀಲದ ಜಾಗ ತುಂಬಲು ಇನ್ನೊಂದನ್ನು ಎಳೆಯುತ್ತಿದ್ದಳು. ಎರಡು ಆಳು ಹೊರುವ ಚೀಲ ಅವು. ಆ ವರ್ಷವೆಲ್ಲ ಅವ್ವನ ಸೊಂಟ ನೋಯುತ್ತಿದ್ದದ್ದು ನನಗೆ ಆಗ ನೆನಪಾಯಿತು. ಹೊಸ ಮನೆಯ ಮೆಟ್ಟಿಲು ಎತ್ತರ, ಅದಕ್ಕೇ ನೋವು ಅಂತ ನಾವೆಲ್ಲ ಮಾತಾಡಿಕೊಂಡಿದ್ದೆವು.

"ಅಪ್ಪಗ ಗೊತ್ತಿತ್ತೇನು, ನಿನಗ ಗೊತ್ತು ಅಂತ?"

"ದಿನಾ ಸೊಂಟಕ್ಕ ಎಣ್ಣಿ ತಿಕ್ಕಿದ. ಏನು ಎತ್ತಿದಿ ಅಂತ ಒಂದು ಸಲಾನೂ ಕೇಳಲಿಲ್ಲ." ಅವ್ವ ಕಿಟಕಿಯಾಚೆ ಕಾಲುವೆಯ ಕಡೆ ಕೈ ಮಾಡಿದಳು. "ಮಠದ ಕಟ್ಟಿಮ್ಯಾಲೆ ಕುಂತ್ರ ಕಾಲುವಿ ಸೇತುವಿ ಕಾಣ್ತದ. ಗಾಡಿ ಹೋಗಿ ತಿರುಗಿ ಬರೋ ತನಕ ಅಲ್ಲೇ ಕುಂದರ್ತಿದ್ದೆ. ನಡುವ ಮನಿಗೆ ಬಂದ್ರ ಆತಗ ಫಜೀತಿ ಅಲ್ಲೇನು?"

"ಮತ್ತ ಆಣಿ? ಗೊತ್ತಾದ್ರ ಉಣ್ಣಂಗಿಲ್ಲ ಅಂದಿದ್ದಿ?"

ಅವ್ವ ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದಳು. "ಗ್ವಾಡಿ ಹೇಳಿದ್ದು ಗೊತ್ತಾದಂಗಲ್ಲ. ಮನಿಶ್ಯಾ ಬಾಯಿಬಿಟ್ಟು ಹೇಳಿದ್ರ ಗೊತ್ತಾದಂಗ. ಅವತ್ತು ತಾಟಿನ ಮುಂದ ಕುಂತು ನೀ ಹೇಳೇಬಿಡಾಕಿ ಇದ್ದಿ. ನಿನ್ನ ಬಾಯಿ ಮುಚ್ಚಸಾಕ ಕಿವಿಗೆ ಎಣ್ಣಿ ಹಾಕಿದೆ. ತಪ್ಪಾತವ್ವಾ. ಇಷ್ಟು ವರ್ಷ ಅಂದುಕೊಂತ ಇದ್ದೆ, ಹೇಳಬೇಕು, ಹೇಳಬೇಕು ಅಂತ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಪ್ಪತ್ತು ವರ್ಷದ ನನ್ನ ಮುನಿಸು ಎಲ್ಲಿ ಹೋಯಿತೋ ಗೊತ್ತಿಲ್ಲ. ಅವ್ವನ ಕೈ ಹಿಡಿದುಕೊಂಡೆ. ಹಿಡಿದಾಗ ಆಕೆಯ ತೊಡೆಯ ಮೇಲಿನ ಬುತ್ತಿಯ ಗಂಟು ನನ್ನ ಕೈಗೆ ತಾಗಿತು. ಆಗ ಇನ್ನೊಂದು ಹೊಳೆಯಿತು.

ಅಪ್ಪ ಹೋದ ಮೇಲೂ ಅತ್ತೆಗೆ ನೆಲ್ಲು ನಿಂತಿರಲಿಲ್ಲ. ಬಸವರಾಜ ಅವ್ವನಿಗೆ ತಿಳಿಯದಂತೆ ಕಳಿಸುತ್ತಿದ್ದಾನೆಂದು ನಾನು ನಂಬಿದ್ದೆ.

"ಅವ್ವಾ, ಬಸ್ಯಾ ಕಳಸ್ತಿರೋದು..."

"ನಾನೇ ಹೇಳಿದೆ. ನಿಮ್ಮಪ್ಪನ ದಿನಕಾರ್ಯ ಮುಗದ ಮರುದಿನ. ಬಸ್ಯಾಗ ಕೈಕಾಲು ಆಡಿರಲಿಲ್ಲ, ಏನು ಮಾಡಬೇಕು ಅಂತ ತಿಳೀದ ನಿಂತಿದ್ದ. ನಿಮ್ಮತ್ತಿ ತಮ್ಮನ್ನ ಮಣ್ಣು ಮಾಡಿ ಬರಿಗೈಲಿ ಊರಿಗೆ ಹೊಂಟಿದ್ಲು. 'ನಿಮ್ಮತ್ತಿಗೆ ಎರಡು ಚೀಲ ಹಾಕಿ ಕಳಸೋ' ಅಂದೆ, ನನ್ನ ಬಾಯಿಲೇ ಅಂದೆ. ಅಂದ ಮ್ಯಾಲೆ ಗೊತ್ತಾದಂಗ ಆತಲ್ಲ? ನಿನಗ ಹೇಳಬ್ಯಾಡ ಅಂತ ಅವನಿಗೆ ಹೇಳಿದ್ದೆ. ನಿನ್ನ ಬಾಯಾಗ ಮಾತು ನಿಲ್ಲಂಗಿಲ್ಲ."

ಪಿತ್ತ! ಎಂಟು ವರ್ಷದಿಂದ ನಾವು ಆಕೆಗೆ ಪಿತ್ತದ ಔಷಧಿ ಕುಡಿಸುತ್ತಿದ್ದೆವು, ಆಕೆ ಮರುಮಾತಿಲ್ಲದೆ ಕುಡಿಯುತ್ತಿದ್ದಳು. "ಸಾಕು ಬಿಡವ್ವಾ, ವಿರುಪಾಕ್ಷ ಏನು ಲೆಕ್ಕ ಇಟ್ಟಾನ?" ಅಂದೆ. "ಮಾತು ಅಂದ್ರ ಮಾತು" ಅಂದಳು.

ಊಟದ ಹೊತ್ತಿಗೆ ಮನೆ ಮುಟ್ಟಿದೆವು. ತಮ್ಮನ ಹೆಂಡತಿ ನನಗೊಂದು ಮಣೆ ಹಾಕಿದ್ದಳು. ನಾನು ಕೂರಲಿಲ್ಲ. ಅವ್ವನ ಹಿಂದೆ ಕಟ್ಟೆಗೆ ಹೋದೆ. ಆಕೆ ಏನೂ ಕೇಳದೆ ಗಂಟು ಬಿಚ್ಚಿ, ಜೋಳದ ರೊಟ್ಟಿ ಮುರಿದು, ಶೇಂಗಾ ಚಟ್ನಿ ಹಚ್ಚಿ ಅರ್ಧ ನನ್ನ ಕೈಗಿಟ್ಟಳು. ಅಕ್ಕ ಬಂದಿದ್ದಾಳೆಂದು ಬಸವರಾಜ ಒಳಗೆ ಟೇಪ್ ರೆಕಾರ್ಡರ್ ಹಚ್ಚಿದ. ಅದೇ ಗೋಡೆ, ಅದೇ ಹತ್ತು ಇಂಚಿನ ಜೋಡಿ, ಬಣ್ಣ ಹೋದ ಅದೇ ಇಳಕಲ್ ಬಟ್ಟೆ. ತೆರೆದ ಬಾಗಿಲಿನಿಂದ ಹಾಡು ಕಟ್ಟೆಯವರೆಗೂ ಬಂತು.

ಅವ್ವ ಅಗಿಯುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದಳು. ಹುಟ್ಟಿದಾಗಿನಿಂದ ಒಮ್ಮೆಯೂ ಕೇಳದ ಮಾತನ್ನು ಅವತ್ತು ಕೇಳಿದಳು.

"ಸೌಂಡ್ ಹೆಂಗ ಐತಿ ಪಂಪಿ?"

ನಾನು ಕಣ್ಣು ಮುಚ್ಚಿ ಕಿವಿಗೊಟ್ಟೆ. ಮೆದುವಾಗಿತ್ತು, ಗಂಭೀರವಾಗಿತ್ತು. ಆದರೆ ಒಂದು ಮೂಲೆಯಲ್ಲಿ ತುಸು ಬೊಂಗ್.

"ಒಂದೆರಡು ಚೀಲ ಹೋದಂಗ ಕಾಣ್ತದವ್ವಾ."

"ಹೌದಲ್ಲ," ಅಂದಳು ಅವ್ವ, ಇನ್ನೊಂದು ರೊಟ್ಟಿ ಮುರಿಯುತ್ತ. "ನಿನ್ನಿ ಸೋಮವಾರ ಇತ್ತು."